ಎಟಿಎಫ್ ಫಿಲ್ಟರ್ ಕಿಟ್: ಫಿಲ್ಟರ್ ಪಾಸ್, ಗ್ಯಾಸ್ಕೆಟ್ ಫೇಲ್

ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಬ್ರ್ಯಾಂಡ್ ಹೆಸರಿಲ್ಲದ ಡಬ್ಬಿಯಲ್ಲಿ ಸಿಗುವ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಬದಲಿಸುವಾಗ ಹಾಕುವ ಕಿಟ್ ಇದು: ಓ-ರಿಂಗ್ (ರಬ್ಬರ್ ಬಳೆ) ಸಮೇತ ಫಿಲ್ಟರ್, ಕಾರ್ಕ್ ಗ್ಯಾಸ್ಕೆಟ್, ಡ್ರೈನ್ ವಾಷರ್. ಫಿಲ್ಟರ್‌ಗೆ ದುಡ್ಡು ಕೊಡಬಹುದು, ಮೂತಿ ಸರಿಯಾಗಿ ಕೂರುತ್ತದೆ. ಕಾರ್ಕ್ ಗ್ಯಾಸ್ಕೆಟ್ ಮಾತ್ರ ಎತ್ತಿ ಪಕ್ಕಕ್ಕಿಡಿ. ಚೂರು ಜಾಸ್ತಿ ಬಿಗಿದರೆ ಬೋಲ್ಟ್ ತೂತಿನ ಪಕ್ಕ ಹಿಸುಕಿಕೊಂಡು ಹೊರಗೆ ಬರುತ್ತದೆ, ಅಲ್ಲಿಂದಲೇ ಸೋರಿಕೆ ಶುರು. ಒಳಗೆ ಸ್ಟೀಲ್ ಪಟ್ಟಿಯಿರುವ ರಬ್ಬರ್ ಗ್ಯಾಸ್ಕೆಟ್ ಬೇರೆ ಕೊಳ್ಳಿ. ಗ್ಯಾಸ್ಕೆಟ್ ಇರುವ ಪ್ಯಾನ್‌ಗೆ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಸಿಲಿಕಾನ್ ಬಳಿಯಬೇಡಿ; ಒಳಗೆ ಉಬ್ಬಿದ ತುಣುಕು ಕಿತ್ತು ಬಂದರೆ ಸೀದಾ ಹೊಸ ಫಿಲ್ಟರ್ ಬಾಯಿಗೆ.

ಕೆಲಸ ಕೆಡುವುದು ಹೆಚ್ಚಾಗಿ ಓ-ರಿಂಗ್‌ನಲ್ಲಿ. ಹಳೆ ಫಿಲ್ಟರ್ ಕಿತ್ತಾಗ ಅದರ ರಿಂಗ್ ವಾಲ್ವ್ ಬಾಡಿಯ (ಎಣ್ಣೆಯ ದಾರಿ ನಿಯಂತ್ರಿಸುವ ಭಾಗ) ತೂತಿನಲ್ಲೇ ಉಳಿದುಬಿಡುತ್ತದೆ. ಕಪ್ಪು ಎಣ್ಣೆಯಲ್ಲಿ ಕಪ್ಪು ರಬ್ಬರ್, ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೇ ಹೊಸದನ್ನು ಒತ್ತಿದರೆ ಫಿಲ್ಟರ್ ಪೂರ್ತಿ ಕೂರದೆ ಪಂಪ್ ಗಾಳಿ ಎಳೆಯುತ್ತದೆ: ಗುಂಯ್ ಸದ್ದು, ಗೇರ್ ಸ್ಲಿಪ್. ಬೆರಳು ಹಾಕಿ ತಡವಿ ನೋಡಿ.

ಡ್ರೈನ್ ಮಾಡುವ ಮೊದಲು ಎಣ್ಣೆ ತುಂಬುವ ಫಿಲ್ ಪ್ಲಗ್ ಬಿಚ್ಚುತ್ತದೆಯೇ ನೋಡಿ. ಬಿಚ್ಚದಿದ್ದರೆ ಖಾಲಿ ಗೇರ್‌ಬಾಕ್ಸ್ ಹೊತ್ತ ಕಾರನ್ನು ಫ್ಲಾಟ್‌ಬೆಡ್ ಲಾರಿಯಲ್ಲೇ ಸಾಗಿಸಬೇಕು. ಪ್ಯಾನ್‌ನಿಂದ ಇಳಿಯುವುದು ಸುಮಾರು 3-4 ಲೀಟರ್ ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಿಸುವ ಭಾಗ), ಕೂಲರ್‌ನಲ್ಲಿ. ಇಳಿದಷ್ಟನ್ನು ಅಳೆದು ಅಷ್ಟೇ ತುಂಬಿ. ಪ್ಯಾನ್ ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಉಗುರಿಗೆ ತಾಗುವ ಲೋಹದ ಚೂರಿದ್ದರೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಒರೆಸಲು ಬನಿಯನ್ ವೇಸ್ಟ್ ಬೇಡ, ನೂಲು ಹೋಗಿ ಸೊಲೆನಾಯ್ಡ್‌ಗೆ (ವಿದ್ಯುತ್ ವಾಲ್ವ್) ಸಿಕ್ಕಿಕೊಳ್ಳುತ್ತದೆ. ಪ್ಯಾನ್ ಬೋಲ್ಟ್‌ಗಳಿಗೆ ಮ್ಯಾನುಯಲ್ ಹೇಳಿದ ಟಾರ್ಕ್ (ಬಿಗಿಯುವ ಬಲದ ಅಳತೆ) ಸಾಕು, ಎದುರುಬದುರು ಬಿಗಿಯಿರಿ.

ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಇಲ್ಲದ, ಜಪಾನಿನ ಐಸಿನ್ ಕಂಪನಿಯ ಗೇರ್‌ಬಾಕ್ಸ್‌ನಲ್ಲಿ ಲೆವೆಲ್ ನೋಡುವುದೇ ತಲೆನೋವು. ಕಾರು ನಾಲ್ಕೂ ಕಡೆ ಸಮತಟ್ಟಾಗಿ ನಿಂತಿರಬೇಕು. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳು ನೀರು ಹರಿಯುವ ಚರಂಡಿಯ ಕಡೆಗೆ ವಾಲಿರುತ್ತವೆ, ಮಟ್ಟಗೋಲು ಇಡಿ. ಬ್ರೇಕ್ ಒತ್ತಿ ಎಲ್ಲ ಗೇರ್‌ಗೂ ಒಮ್ಮೆ ಹಾಕಿ ಪಿ-ಗೆ ತನ್ನಿ. ಎಂಜಿನ್ ಐಡಲ್‌ನಲ್ಲಿರುವಾಗ ಓಬಿಡಿ ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಎಟಿಎಫ್ ಸುಮಾರು 40 ಡಿಗ್ರಿ ತೋರಿಸಿದಾಗ, ಹೆಚ್ಚಾದ ಎಣ್ಣೆ ಹರಿದುಹೋಗುವ ಓವರ್‌ಫ್ಲೋ ಪ್ಲಗ್ ತೆಗೆಯಿರಿ. ಧಾರೆ ಹನಿಯಾದೊಡನೆ ಮುಚ್ಚಿ. ಏನೂ ಬರದಿದ್ದರೆ ಎಣ್ಣೆ ಕಮ್ಮಿ, ಇನ್ನಷ್ಟು ಹಾಕಿ. ಸಿಲ್ಕ್ ಬೋರ್ಡ್ ಜಾಮ್ ದಾಟಿ ಬಂದ ಬಿಸಿ ಕಾರಿನಲ್ಲಿ ಇದನ್ನು ಮಾಡಿದರೆ, ಹಿಗ್ಗಿದ ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಹಿಡಿಯಿರಿ.

ಎಣ್ಣೆಯನ್ನು ಡ್ರಮ್‌ನಿಂದ ಬಿಡಿಯಾಗಿ ಕೊಳ್ಳಬೇಡಿ, ಸೀಲ್ ಇರುವ ಕ್ಯಾನ್ ತಗೊಳ್ಳಿ. ಟೊಯೋಟಾ ಡಬ್ಲ್ಯುಎಸ್ ಎಂಬ ಎಟಿಎಫ್ ಕೇಳುವ ಗೇರ್‌ಬಾಕ್ಸ್‌ಗೆ ದಪ್ಪಗಿರುವ ಟಿ-4 ಎಂಬ ಎಟಿಎಫ್ ನಡೆಯುವುದಿಲ್ಲ. ಸಿವಿಟಿಗೆ (ಬೆಲ್ಟ್ ಮೇಲೆ ಓಡುವ ಆಟೋಮ್ಯಾಟಿಕ್) ಎಟಿಎಫ್ ಅಂತೂ ಬೇಡವೇ ಬೇಡ. ಕಿಟ್ ಕೇಳುವಾಗ ಕಾರಿನ ಹೆಸರಿನ ಜೊತೆಗೆ ಗೇರ್‌ಬಾಕ್ಸ್ ಕೋಡ್ ಕೂಡ ಹೇಳಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಫಿಲ್ಟರ್ ಕೇಸಿಂಗ್ ಒಳಗಿರುತ್ತದೆ, ಪ್ಯಾನ್ ಬಿಚ್ಚಿದರೆ ಸಿಗುವುದಿಲ್ಲ, ಅವಕ್ಕೆ ಈ ಕಿಟ್ ದಂಡ.