ಸಿ ಭಾಷೆಯಲ್ಲಿ ಸಿಗ್ನಲ್ ಸಂದೇಶಗಳು: ಹಲವು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಮಾರ್ಗಗಳಲ್ಲಿ ಸಿಗ್ನಲ್‌ನಷ್ಟು ಕಡಿಮೆ ಸಿದ್ಧತೆ ಬೇಡುವುದು ನನಗೆ ಬೇರೊಂದು ಕಂಡಿಲ್ಲ. ಎದುರಿನ ಪ್ರೊಸೆಸ್‌ನ ಪಿಐಡಿ, ಅಂದರೆ ಗುರುತಿನ ಸಂಖ್ಯೆ, ಗೊತ್ತಿದ್ದು ಅನುಮತಿಯೂ ಇದ್ದರೆ ‘ಕಿಲ್’ ಎಂಬ ಒಂದೇ ಕರೆ ಸಾಕು. ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂಗಳಿಗೆ ಕಾನ್ಫಿಗರೇಶನ್ ಮತ್ತೆ ಓದಲು ಸಿಗ್‌ಹಪ್, ಕೆಲಸ ಮುಗಿಸಿ ನಿಲ್ಲಲು ಸಿಗ್‌ಟರ್ಮ್ ಕಳುಹಿಸುವ ಪದ್ಧತಿಯನ್ನು ನಾನು ಇಂದಿಗೂ ಬಿಟ್ಟಿಲ್ಲ.

ಆದರೆ ಸಂದೇಶಗಳ ಲೆಕ್ಕ ತಪ್ಪಬಾರದು ಎನ್ನುವಲ್ಲಿ ಸಿಗ್‌ಯುಎಸ್‌ಆರ್1 (ಪ್ರೋಗ್ರಾಂ ಬರೆಯುವವರ ಸ್ವಂತ ಬಳಕೆಗೆ ಬಿಟ್ಟಿರುವ ಸಾಮಾನ್ಯ ಸಿಗ್ನಲ್) ನಂಬಿಕೆಗೆ ಅರ್ಹವಲ್ಲ. ಒಂದು ಸಿಗ್ನಲ್ ಇನ್ನೂ ತಲುಪದೆ ಬಾಕಿ ಇರುವಾಗಲೇ ಅದೇ ಸಿಗ್ನಲ್ ಮತ್ತೆ ಐದು ಬಾರಿ ಬಂದರೂ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಒಮ್ಮೆ ಮಾತ್ರ ಓಡುತ್ತದೆ. ರಿಯಲ್‌ಟೈಮ್ ಸಿಗ್ನಲ್‌ಗಳು ಹಾಗಲ್ಲ. ಅವು ಸರದಿಯಲ್ಲಿ ನಿಲ್ಲುತ್ತವೆ, ‘ಸಿಗ್‌ಕ್ಯೂ’ ಮೂಲಕ ಕಳುಹಿಸಿದರೆ ಜೊತೆಗೆ ಒಂದು ಪೂರ್ಣಾಂಕವನ್ನೂ ಒಯ್ಯುತ್ತವೆ. ಸ್ವೀಕರಿಸುವವರು ಹ್ಯಾಂಡ್ಲರ್ ನೇಮಿಸುವ ‘ಸಿಗ್‌ಆ್ಯಕ್ಷನ್’ನಲ್ಲಿ ಎಸ್‌ಎ_ಸಿಗ್‌ಇನ್ಫೋ ಫ್ಲ್ಯಾಗ್ ಹಾಕಿದರೆ, ಹ್ಯಾಂಡ್ಲರ್‌ನ ಎರಡನೇ ಆರ್ಗ್ಯುಮೆಂಟ್‌ನಲ್ಲಿ ಆ ಸಂಖ್ಯೆಯೂ ಕಳುಹಿಸಿದವರ ಪಿಐಡಿಯೂ ಸಿಗುತ್ತವೆ. ಪೂರ್ಣಾಂಕದ ಬದಲು ಪಾಯಿಂಟರ್ ಕಳುಹಿಸಲು ಅವಕಾಶವಿದ್ದರೂ ಬೇರೊಂದು ಪ್ರೊಸೆಸ್‌ನ ಮೆಮೊರಿಯಲ್ಲಿ ಆ ವಿಳಾಸಕ್ಕೆ ಅರ್ಥವಿಲ್ಲ. ಸರದಿಗೂ ಮಿತಿಯುಂಟು, ಅದು ತುಂಬಿದಾಗ ಕರೆ ವಿಫಲವಾಗುವುದರಿಂದ ರಿಟರ್ನ್ ಮೌಲ್ಯವನ್ನು ನೋಡಲೇಬೇಕು. ಸಿಗ್ನಲ್ ಸಂಖ್ಯೆಯನ್ನು 34 ಎಂದು ನೇರವಾಗಿ ಬರೆಯದೆ ರಿಯಲ್‌ಟೈಮ್ ಸಿಗ್ನಲ್‌ಗಳ ಆರಂಭದ ಸಂಖ್ಯೆಯಾದ ಸಿಗ್‌ಆರ್‌ಟಿಮಿನ್‌ಗೆ ಕೂಡಿಸಿ ಬರೆಯುವುದು ಸರಿ.

ನಿಜವಾದ ಕಷ್ಟ ಹ್ಯಾಂಡ್ಲರ್ ಒಳಗಿದೆ. ಮುಖ್ಯ ಪ್ರೋಗ್ರಾಂ ಮೆಮೊರಿ ಪಡೆಯುವ ‘ಮ್ಯಾಲಕ್’ನ ನಡುವೆ ಲಾಕ್ ಹಿಡಿದಿರುವ ಕ್ಷಣದಲ್ಲೇ ಸಿಗ್ನಲ್ ಬಂದು, ಹ್ಯಾಂಡ್ಲರ್ ಕೂಡ ‘ಮ್ಯಾಲಕ್’ ಕರೆದರೆ, ಎಂದೂ ಬಿಡುಗಡೆಯಾಗದ ಲಾಕ್‌ಗಾಗಿ ಅದು ಕಾಯುತ್ತಾ ಕೂರಬಹುದು. ‘ಪ್ರಿಂಟ್‌ಎಫ್’ ಕೂಡ ಇಲ್ಲಿ ಸುರಕ್ಷಿತವಲ್ಲ, ‘ರೈಟ್’ ಸುರಕ್ಷಿತ. ಆದ್ದರಿಂದ ನಾನು ಈಗ ಹ್ಯಾಂಡ್ಲರ್ ಬರೆಯುವುದನ್ನೇ ಆದಷ್ಟು ತಪ್ಪಿಸುತ್ತೇನೆ: ಥ್ರೆಡ್‌ಗಳು ಹುಟ್ಟುವ ಮೊದಲೇ ಸಿಗ್ನಲ್‌ಗಳನ್ನು ಬ್ಲಾಕ್ ಮಾಡಿ, 2007ರ 2.6.22 ಕರ್ನಲ್‌ನಲ್ಲಿ ಬಂದ ‘ಸಿಗ್ನಲ್‌ಎಫ್‌ಡಿ’ಯಿಂದ ಅವುಗಳನ್ನು ಫೈಲ್‌ನಂತೆ ಓದುತ್ತೇನೆ. ಆಗ ಸಿಗ್ನಲ್‌ಗಳೂ ಸಾಕೆಟ್‌ಗಳೂ ಹಲವು ಮೂಲಗಳಿಗಾಗಿ ಒಟ್ಟಿಗೆ ಕಾಯುವ ಒಂದೇ ‘ಈಪೋಲ್’ ಲೂಪ್‌ನಲ್ಲಿ ಬರುತ್ತವೆ, ಕೋಡ್ ಓದುವವರಿಗೂ ಹರಿವು ಸ್ಪಷ್ಟವಾಗಿ ಕಾಣುತ್ತದೆ. ಇದು ಲಿನಕ್ಸ್‌ಗೆ ಸೀಮಿತ. ಬೇರೆ ಯುನಿಕ್ಸ್‌ಗಳಲ್ಲೂ ಓಡಬೇಕಾದ ಕೋಡ್‌ಗೆ, ಹ್ಯಾಂಡ್ಲರ್ ಇಲ್ಲದೆ ಸಿಗ್ನಲ್‌ಗಾಗಿ ಕಾಯುವ ‘ಸಿಗ್‌ವೇಟ್‌ಇನ್ಫೋ’ ಆರಿಸಿಕೊಳ್ಳುವುದು ಮೇಲು.

ಹಳೆಯ ಪಿಐಡಿ ಕಾಲಕ್ರಮದಲ್ಲಿ ಬೇರೊಂದು ಪ್ರೊಸೆಸ್‌ಗೆ ಸಿಕ್ಕಿ, ನಮ್ಮ ಸಿಗ್‌ಟರ್ಮ್ ಅದನ್ನೇ ಕೊಲ್ಲುವ ಅಪಾಯ ಬಹುಕಾಲ ಉಳಿದಿತ್ತು. 2019ರ 5.1 ಕರ್ನಲ್‌ನೊಂದಿಗೆ ಬಂದ ‘ಪಿಐಡಿಎಫ್‌ಡಿ_ಸೆಂಡ್_ಸಿಗ್ನಲ್’, ಸಂಖ್ಯೆಯ ಬದಲು ಆ ಪ್ರೊಸೆಸ್‌ಗೇ ಅಂಟಿದ ಫೈಲ್ ಡಿಸ್ಕ್ರಿಪ್ಟರ್ ಬಳಸಿ, ಅದಕ್ಕೆ ಪರಿಹಾರ ಕೊಟ್ಟಿದೆ. ಹೊಸ ಕರ್ನಲ್ ಖಚಿತವಾಗಿ ಇರುವ ಕಡೆ ನಾನು ಅದನ್ನೇ ಬಳಸುತ್ತೇನೆ.