ಹೂವಿನ ಹನಿ ಅಂತ ತಂದರೆ ಬ್ರಾಂದಿ ಘಮ

ಸಿಡುಕು, ಭಯ, ಚಿಂತೆಗೆ ಅಂತ ನೀರಿಗೆ ಹಾಕಿ ಕುಡಿಯೋ ಬ್ಯಾಚ್ ಹೂವಿನ ಹನಿ ಬಗ್ಗೆ ಹೊಗಳಿಕೆ ಸಾಕಷ್ಟು ಸಿಗುತ್ತದೆ. ಬಾಟಲಿ ತೆರೆದ ತಕ್ಷಣ ಮೂಗಿಗೆ ಬರೋದು ಹೂವಲ್ಲ, ಬ್ರಾಂದಿ ಅಂತ ಮಾತ್ರ ನನಗೆ ಯಾರೂ ಹೇಳಲಿಲ್ಲ. ಹೋಮಿಯೋಪಥಿ ಅಂಗಡಿಯಿಂದ ಇಂಪೇಷನ್ಸ್ ಮತ್ತು ವೈಟ್ ಚೆಸ್ಟ್‌ನಟ್ ತಂದೆ. ಮೊದಲನೆಯದು ಸಿಡುಕುವವರಿಗೆ, ಎರಡನೆಯದು ತಲೆಯೊಳಗೆ ಒಂದೇ ಯೋಚನೆ ಸುತ್ತುವವರಿಗೆ. ಬೆಳಗ್ಗೆ ಸ್ನಾನ ಮುಗಿಸಿ ಹನಿ ಹಾಕಿಕೊಂಡರೆ ದೇವರಮನೆಯಿಂದ ಅತ್ತೆ ಕೇಳಿದರು, "ಏನೇ ಅದು ವಾಸನೆ?" ಲೇಬಲ್ ಓದಿ ಹೇಳಿದೆ. ಅಂದಿನಿಂದ ನನ್ನ ಲೋಟವೇ ಬೇರೆ.

ಬ್ರಾಂದಿ ಯಾಕೆ ಅಂತ ಹುಡುಕಿದರೆ ಕಥೆ ಇಂಗ್ಲೆಂಡಿಗೆ ಹೋಗುತ್ತದೆ. ಎಡ್ವರ್ಡ್ ಬ್ಯಾಚ್ ಲಂಡನ್ನಿನಲ್ಲಿ ವೈದ್ಯ, ಬ್ಯಾಕ್ಟೀರಿಯಾ ತಜ್ಞ. ಚೆನ್ನಾಗಿದ್ದ ಪ್ರಾಕ್ಟೀಸ್ ಬಿಟ್ಟು 1930ರಲ್ಲಿ ಊರೂರು ಸುತ್ತಿ ಕಾಡುಹೂಗಳ ಹಿಂದೆ ಬಿದ್ದರು. ಗಾಜಿನ ಬಟ್ಟಲಲ್ಲಿ ಒರತೆ ನೀರು ಹಾಕಿ, ಮೇಲೆ ಹೂ ತೇಲಿಸಿ, ಬಿಸಿಲಲ್ಲಿ ಮೂರು ಗಂಟೆ ಇಡುವುದು. ಮರದ ಹೂಗಳಾದರೆ ಹೆಚ್ಚಿನವನ್ನು ಕುದಿಸುವುದು. ನೀರು ಕೆಡಬಾರದು ಅಂತ ಅರ್ಧಕ್ಕರ್ಧ ಬ್ರಾಂದಿ. ಅದರ ಎರಡೇ ಹನಿ 30 ಮಿಲಿ ಬ್ರಾಂದಿಗೆ ಬಿದ್ದರೆ ನಾವು ಕೊಳ್ಳುವ ಬಾಟಲಿ ತಯಾರು! 1935ರ ಹೊತ್ತಿಗೆ ಇಂಥವು 38 ಆದವು. ಅದರಲ್ಲಿ ರಾಕ್ ವಾಟರ್ ಅನ್ನೋದಕ್ಕೆ ಹೂವೇ ಇಲ್ಲ, ಬರೀ ಒರತೆ ನೀರು. ಮರುವರ್ಷ, 50ನೇ ವಯಸ್ಸಿಗೆ, ಅವರು ತೀರಿಕೊಂಡರು.

ಇಂಪೇಷನ್ಸ್ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಅದು ಮೂಲದಲ್ಲಿ ಹಿಮಾಲಯದ ಗಿಡ. 19ನೇ ಶತಮಾನದಲ್ಲಿ ತೋಟದ ಅಂದಕ್ಕೆ ಬ್ರಿಟನ್ನಿಗೆ ಹೋಯಿತು, ಈಗ ಅಲ್ಲಿನ ಹೊಳೆ ದಂಡೆಯಲ್ಲೆಲ್ಲಾ ಕಳೆ. ನಮ್ಮ ಕರ್ಣಕುಂಡಲದ ಬಳಗವೇ. ಮುಟ್ಟಿದರೆ ಕಾಯಿ ಪಟ್ ಅಂತ ಸಿಡಿಯುತ್ತದೆ. ಸಿಡುಕಿಗೆ ಇದನ್ನೇ ಆರಿಸಿದ್ದು ಸರಿಯಾಗಿದೆ ಅಲ್ವಾ?

ಇನ್ನು ದಿನದ ಕ್ರಮ. ಲೋಟದಲ್ಲಿ ನೀರು, ಎರಡು ಹನಿ, ಬಾಲ್ಕನಿಯ ಮೂಲೆ. ಗುಟುಕು ಗುಟುಕಾಗಿ ಕುಡಿಯಬೇಕು, ಒಂದೇ ಸಲಕ್ಕೆ ಎತ್ತೋ ಹಾಗಿಲ್ಲ. ಆ ಹೊತ್ತು ಫೋನ್ ಒಳಗೇ. ಯಾವ ಹನಿ ಅಂತ ಆರಿಸೋಕೆ ಮೊದಲು ಏನಾಗ್ತಿದೆ ಅಂತ ನನ್ನನ್ನೇ ಕೇಳಿಕೊಳ್ಳಬೇಕು. ಕಾರಣ ಗೊತ್ತಿರುವ ಭಯಕ್ಕೆ ಮಿಮ್ಯುಲಸ್, ಕಾರಣವೇ ತಿಳಿಯದ ದಿಗಿಲಿಗೆ ಆಸ್ಪೆನ್. ಮನೆಯಲ್ಲಿ ಎಲ್ಲರಿಗೂ ಒಂದೊಂದು ಹೂ ಹಂಚಿದ್ದೇವೆ. ನನ್ನ ಗಂಡನಿಗೆ ವೈನ್, ಅಂದರೆ ದ್ರಾಕ್ಷಿ ಬಳ್ಳಿ. ಅದು ಹುಕುಂ ಚಲಾಯಿಸುವವರದ್ದು. ಅವರು ಒಪ್ಪಿಲ್ಲ.

ಮಾರ್ಚ್ ಬಂತು, ಆಫೀಸಿನಲ್ಲಿ ಲೆಕ್ಕ ಮುಗಿಸುವ ಕಾಲ. ರಾತ್ರಿ ಎರಡಕ್ಕೆ ಎಚ್ಚರ, ತಲೆಯಲ್ಲಿ ಬರೀ ಅಂಕಿ. ವೈಟ್ ಚೆಸ್ಟ್‌ನಟ್ ಕೆಲಸ ಮಾಡಬೇಕಿದ್ದದ್ದೇ ಆಗ. ಮಾಡಲಿಲ್ಲ. ಐದು ಹೂ ಸೇರಿದ ರೆಸ್ಕ್ಯೂ ರೆಮಿಡಿಯನ್ನೂ ತಂದೆ. ಬಾಯಿ ಬಿಸಿಯಾಯಿತು, ಅಷ್ಟೇ. ಪರೀಕ್ಷೆ ಭಯದ ವಿದ್ಯಾರ್ಥಿಗಳಿಗೆ ಹೂವಿನ ಹನಿ, ಹೂವಿಲ್ಲದ ಹನಿ ಎರಡನ್ನೂ ಕೊಟ್ಟು ನೋಡಿದ ಪ್ರಯೋಗಗಳಿವೆ. ವ್ಯತ್ಯಾಸ ಕಾಣಲಿಲ್ಲ. ನನಗೆ ನಿದ್ದೆ ವಾಪಸ್ ಬಂದದ್ದು ಡಾಕ್ಟರ ಹತ್ತಿರ ಹೋದ ಮೇಲೆ.

ಹಾಗಾದರೆ ಕೊಳ್ಳಬೇಕಾ? ಆಮದು ಬಾಟಲಿ ಬೇಡವೇ ಬೇಡ, ಆ ದುಡ್ಡಿಗೆ ವಾರದ ತರಕಾರಿ ಬರುತ್ತದೆ. ಕುಡಿತ ಬಿಟ್ಟವರು ಮನೆಯಲ್ಲಿದ್ದರೆ ಬ್ರಾಂದಿಯದ್ದು ಒಳಗೆ ತರಲೇಬೇಡಿ. ಗ್ಲಿಸರಿನ್‌ನಲ್ಲಿ ಮಾಡಿದ್ದೂ ಸಿಗುತ್ತದೆ. ವೈಟ್ ಚೆಸ್ಟ್‌ನಟ್, ರೆಸ್ಕ್ಯೂ ನಾನು ಮತ್ತೆ ತರಲ್ಲ. ಇಂಪೇಷನ್ಸ್ ಮಾತ್ರ ಮುಗಿದಾಗ ಇನ್ನೊಂದು ತರುತ್ತೇನೆ. ಸುಮ್ನೆ ನೀರು ಕುಡಿಯೋಕೆ ನಾನು ಹತ್ತು ನಿಮಿಷ ಬಾಲ್ಕನಿಯಲ್ಲಿ ಕೂರೋಳಲ್ಲ.