ಯಕ್ಷಗಾನದ ಮುಂದೆ ಎರಡು ಕ್ಯಾಮೆರಾ: ಕ್ಯಾನನ್ 1500ಡಿ ಮತ್ತು ಆರ್50

ಒಳ್ಳೆಯ ಬಿಸಿಲಿನಲ್ಲಿ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು 1500ಡಿಯದು, ಯಾವುದು ಆರ್50ರದು ಅಂತ ನನಗೇ ಗೊತ್ತಾಗುವುದಿಲ್ಲ. ಒಂದು 24.1 ಮೆಗಾಪಿಕ್ಸೆಲ್, ಇನ್ನೊಂದು 24.2. ಎರಡರಲ್ಲೂ ಎಪಿಎಸ್-ಸಿ ಅನ್ನುವ ಒಂದೇ ಅಳತೆಯ ಸೆನ್ಸರ್. "ಹೊಸ ಕ್ಯಾಮೆರಾ ತಗೊಂಡರೆ ಫೋಟೋ ಚೆನ್ನಾಗಿ ಬರುತ್ತದಾ?" ಅಂತ ನಮ್ಮ ಸಂಘದ ಹುಡುಗರು ಕೇಳುತ್ತಲೇ ಇರುತ್ತಾರೆ. ಎಲ್ಲಿ ತೆಗೀತೀರಿ, ಏನು ತೆಗೀತೀರಿ ಅಂತ ಹೇಳದೆ ಆ ಪ್ರಶ್ನೆಗೆ ಉತ್ತರ ಇಲ್ಲ.

ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನ. ಇರುವುದು ಮುಲುಂಡಿನಲ್ಲಿ, ವಾರವಿಡೀ ಲೆಕ್ಕಪತ್ರದ ಕೆಲಸ. ಪತ್ತನಾಜೆ (ಮೇಳಗಳ ಹಂಗಾಮು ಮುಗಿಯುವ ದಿನ) ಕಳೆದು ಊರಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಮಳೆಗಾಲದ ಶನಿವಾರ ಭಾನುವಾರ ಮಾಟುಂಗದಲ್ಲೋ ಠಾಣೆಯಲ್ಲೋ ಡೊಂಬಿವಲಿಯಲ್ಲೋ ಒಂದು ಆಟ (ಯಕ್ಷಗಾನ ಪ್ರದರ್ಶನ) ಇದ್ದೇ ಇರುತ್ತದೆ. ಮಂದ ಬೆಳಕು, ಬಣ್ಣಬಣ್ಣದ ಎಲ್‌ಇಡಿ, ಒಂದು ಕ್ಷಣ ನಿಲ್ಲದ ಕಲಾವಿದರು. ಅಗ್ಗದ ಕ್ಯಾಮೆರಾಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

1500ಡಿ 2018ರ ಮಾಡೆಲ್, ಡಿಎಸ್ಎಲ್ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಇದರಲ್ಲಿ ಕನ್ನಡಿ ಬೆಳಕನ್ನು ಮೇಲಕ್ಕೆ, ನಿಮ್ಮ ಕಣ್ಣಿಗೆ ಕಳಿಸುತ್ತದೆ. ಅದರಲ್ಲಿ ಸ್ವಲ್ಪ ಪಾಲು ಕೆಳಗಿರುವ ಬೇರೆಯೇ ಒಂದು ಫೋಕಸ್ ಸೆನ್ಸರ್‌ಗೆ ಹೋಗುತ್ತದೆ. ಆ ಸೆನ್ಸರ್‌ಗೆ ಒಂಬತ್ತೇ ಪಾಯಿಂಟ್. ಅದರಲ್ಲೂ ನಡುವಿನದು ಮಾತ್ರ ಕ್ರಾಸ್ ಟೈಪ್, ಅಂದರೆ ಅಡ್ಡಗೆರೆ ಉದ್ದಗೆರೆ ಎರಡನ್ನೂ ಗುರುತಿಸುತ್ತದೆ. ರಂಗಸ್ಥಳದ ಬೆಳಕಿನಲ್ಲಿ ನಾನು ನಂಬುವುದು ಅದೊಂದನ್ನೇ. ನಡುವಿನ ಪಾಯಿಂಟನ್ನು ಮುಖಕ್ಕೆ ಇಟ್ಟು, ಬಟನ್ ಅರ್ಧ ಒತ್ತಿ, ಆಮೇಲೆ ಫ್ರೇಮ್ ಸರಿಮಾಡಿಕೊಳ್ಳಬೇಕು. ವೇಷಧಾರಿ ನಿಂತು ಅರ್ಥ ಹೇಳುತ್ತಿದ್ದರೆ ಇದು ಸಲೀಸು. ಪುಂಡುವೇಷದವರು (ಯುವ ವೀರರ ಪಾತ್ರ) ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕಲು ಶುರುಮಾಡಿದರೆ ಮುಗೀತು. ನಾವು ಫ್ರೇಮ್ ಸರಿಮಾಡುವಷ್ಟರಲ್ಲಿ ಅವರು ಎರಡು ಸುತ್ತು ಸುತ್ತಿ ಆಚೆ ಇರುತ್ತಾರೆ. ಬಟನ್ ಒತ್ತಿ ಹಿಡಿದರೂ ಸೆಕೆಂಡಿಗೆ ಬರುವುದು ಮೂರೇ ಫೋಟೋ. ಮೂರರಲ್ಲಿ ಒಂದು ಬೆನ್ನು, ಒಂದು ಮಸುಕು, ಒಂದು ಪರವಾಗಿಲ್ಲ.

ಆರ್50 ಬಂದದ್ದು 2023ರಲ್ಲಿ. ಕನ್ನಡಿಯೇ ಇಲ್ಲದ್ದರಿಂದ ಫೋಟೋ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುತ್ತದೆ. ಒಂದೊಂದು ಪಿಕ್ಸೆಲ್ ಎರಡು ಭಾಗವಾಗಿರುತ್ತದೆ, ಎರಡರ ನಡುವಿನ ವ್ಯತ್ಯಾಸದಿಂದ ಲೆನ್ಸ್ ಯಾವ ಕಡೆ ತಿರುಗಬೇಕು ಅಂತ ತಿಳಿಯುತ್ತದೆ. ಹಾಗಾಗಿ ಫ್ರೇಮಿನ ಮೂಲೆಯ ಹತ್ತಿರ ಮುಖ ಇದ್ದರೂ ಚಿಂತೆ ಇಲ್ಲ. ಕಣ್ಣಿನ ಮೇಲೆ ಒಂದು ಸಣ್ಣ ಚೌಕ ಕೂತು, ಕಲಾವಿದರು ಹೋದಲ್ಲಿಗೆ ಹೋಗುತ್ತದೆ. ಸೆಕೆಂಡಿಗೆ 12 ಫೋಟೋ. ದಿಗಿಣದಲ್ಲಿ ಎರಡೂ ಕಾಲು ನೆಲ ಬಿಟ್ಟು, ಮುಖ ನಮ್ಮ ಕಡೆ ಇರುವ ಗಳಿಗೆ ಇದೆಯಲ್ಲ, ಅದು ಈಗ ಸಿಗುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ಏನೂ ತಿದ್ದದ ದೊಡ್ಡ ಫೈಲ್) ತೆಗೆದರೆ ಮಾತ್ರ ಬಫರ್, ಅಂದರೆ ಫೋಟೋ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಜಾಗ, ಬಹಳ ಬೇಗ ತುಂಬುತ್ತದೆ. ಓಡುವ ಕುಣಿಯುವ ಜಾಗದಲ್ಲಿ ಜೆಪೆಗ್ ವಾಸಿ.

ಈ ಕಣ್ಣು ಹುಡುಕುವ ಜಾಣತನಕ್ಕೆ ಒಂದು ಗಡಿ ಇದೆ, ಅದನ್ನು ಯಾವ ಯೂಟ್ಯೂಬಿನವರೂ ಹೇಳುವುದಿಲ್ಲ. ಪಾಪ, ಅವರು ಯಕ್ಷಗಾನಕ್ಕೆ ಬರುವುದಿಲ್ಲವಲ್ಲ! ಸ್ತ್ರೀವೇಷ, ಪುಂಡುವೇಷ, ಹಾಸ್ಯ, ಇವರ ಮುಖ ಕ್ಯಾಮೆರಾಕ್ಕೆ ಮುಖದ ಹಾಗೇ ಕಾಣುತ್ತದೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಂತು ಅನ್ನಿ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ (ಬಿಳಿ ಮುಳ್ಳಿನಂಥ ಚುಕ್ಕಿಗಳು), ಕಣ್ಣಿನ ಸುತ್ತ ಕೆಂಪು ಕಪ್ಪು, ತಲೆಯ ಮೇಲೆ ಅಗಲದ ಕಿರೀಟ. ಚೌಕ ಒಮ್ಮೆ ಕಿರೀಟಕ್ಕೆ ಹೋಗುತ್ತದೆ, ಒಮ್ಮೆ ಎದೆಪದಕಕ್ಕೆ. ಅಲ್ಲೂ ನಿಲ್ಲದೆ ಹಿಂದೆ ಕೂತು ಪದ ಹೇಳುತ್ತಿರುವ ಭಾಗವತರ ಮುಖ ಹಿಡಿದುಕೊಳ್ಳುತ್ತದೆ. ಮಹಿಷಾಸುರ ಪಂಜು ಹಿಡಿದು ಸಭೆಯ ನಡುವಿನಿಂದ ಬರುವಾಗ ಭಾಗವತರು ಸ್ಪಷ್ಟ, ಮಹಿಷ ಮಸುಕು! ಆಗ ಸುಮ್ನೆ ಮುಖ ಹುಡುಕುವುದನ್ನು ಬಂದ್ ಮಾಡಿ, ಒಂದೇ ಪಾಯಿಂಟ್ ಇಟ್ಟುಕೊಂಡು, ಹೆಬ್ಬೆರಳಿನಿಂದ ಸ್ಕ್ರೀನ್ ಮೇಲೆ ಎಳೆದು ಸರಿಸುತ್ತೇನೆ. ಕಣ್ಣು ಕಿಂಡಿಯಲ್ಲಿ (ವ್ಯೂಫೈಂಡರ್) ಇರುವಾಗಲೂ ಸ್ಕ್ರೀನ್ ಬೆರಳಿಗೆ ಸ್ಪಂದಿಸುವಂತೆ ಇಟ್ಟುಕೊಳ್ಳಬಹುದು. ಹಾಗೆ ಮಾಡಿದರೂ 1500ಡಿಗಿಂತ ಎಷ್ಟೋ ಮೇಲು.

ಇಷ್ಟೆಲ್ಲ ಹೊಗಳಿದ್ದು ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು. ಅದರ ಜೊತೆ ಬರುವ ಕಿಟ್ ಲೆನ್ಸಿನ ವಿಷಯದಲ್ಲಿ ನನಗೆ ಅಷ್ಟು ಪ್ರೀತಿ ಇಲ್ಲ. ಆರ್‌ಎಫ್-ಎಸ್ 18-45 (ಈ ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಪುಟ್ಟದು, ಬರೇ 130 ಗ್ರಾಂ, ಹಗಲಿನ ಸುತ್ತಾಟಕ್ಕೆ ಚೆನ್ನ. ಆದರೆ 45ಕ್ಕೆ ಎಳೆದರೆ ಎಫ್/6.3. ಈ ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಮ್ಮಿ. 1500ಡಿಯ ಜೊತೆ ಬರುವ ಹಳೆಯ 18-55 ಕೂಡ ದೊಡ್ಡ ಸಾಹಸಿ ಏನಲ್ಲ, ಆದರೂ 55ರಲ್ಲಿ ಎಫ್/5.6 ಕೊಡುತ್ತದೆ. ಅಂದರೆ ಹೊಸ ಕಿಟ್ ಲೆನ್ಸ್ ಹಳೆಯದಕ್ಕಿಂತ ಕಮ್ಮಿ ದೂರ ನೋಡುತ್ತದೆ, ಕಮ್ಮಿ ಬೆಳಕು ಒಳಗೆ ಬಿಡುತ್ತದೆ. ದೂರದ್ದು ತೆಗೆಯುವ ಟೆಲಿ ಲೆನ್ಸಿನಲ್ಲೂ ಅದೇ ಕತೆ. ಹೊಸ 55-210 ಕೊನೆಗೆ ಎಫ್/7.1ಕ್ಕೆ ಇಳಿಯುತ್ತದೆ, ಹಳೆಯ 55-250 ಎಸ್‌ಟಿಎಂ 250ರಲ್ಲೂ ಎಫ್/5.6. ರಂಗಸ್ಥಳದ ಮುಂದೆ ಕಿಟ್ ಲೆನ್ಸ್ ಹಾಕಿಕೊಂಡು ಶಟರ್ ಸೆಕೆಂಡಿನ 1/500ಕ್ಕೆ ಇಟ್ಟು ನೋಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಫೋಟೋ ಕಾಳುಕಾಳು) ಎಲ್ಲೆಲ್ಲಿಗೋ ಹಾರುತ್ತದೆ. ಆರ್50 ಐಎಸ್ಒ 6400ರಲ್ಲಿ ಕೊಡುವ ಫೋಟೋ 1500ಡಿಗಿಂತ ನಯ, ಅದು ನಿಜ. 1500ಡಿಗೆ ಮಾಮೂಲಿ ಕೊನೆಯೇ 6400. ಆದರೆ ಐಎಸ್ಒ ನಂಬಿಕೊಂಡು ಎಷ್ಟು ದೂರ ಹೋಗುತ್ತೀರಿ?

ನನ್ನ ಹತ್ತಿರ ಡಿಎಸ್ಎಲ್ಆರ್ ಕಾಲದ 50 ಎಂಎಂ ಎಫ್/1.8 ಎಸ್‌ಟಿಎಂ ಇದೆ. ಎಫ್/6.3ರ ಎದುರು ಎಫ್/1.8 ಅಂದರೆ ಹೆಚ್ಚುಕಮ್ಮಿ 12 ಪಟ್ಟು ಬೆಳಕು. ಇದನ್ನು ಆರ್50ಕ್ಕೆ ಹಾಕಲು ಇಎಫ್-ಇಒಎಸ್ ಆರ್ ಅಡಾಪ್ಟರ್ ಬೇಕು. ಅದು ಗಾಜೇ ಇಲ್ಲದ ಬಳೆ ಅಷ್ಟೇ. ಹಳೆಯ ಇಎಫ್ ಲೆನ್ಸ್ ಸೆನ್ಸರಿನಿಂದ 44 ಎಂಎಂ ದೂರ ಇರಬೇಕು, ಹೊಸ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ಇರುವುದು 20 ಎಂಎಂ ದೂರದಲ್ಲಿ. ನಡುವಿನ 24 ಎಂಎಂ ತುಂಬಿಸುವುದು, ಲೆನ್ಸಿನ ಸಂದೇಶ ಬಾಡಿಗೆ ದಾಟಿಸುವುದು, ಇಷ್ಟೇ ಇದರ ಕೆಲಸ. ಗಾಜು ಇಲ್ಲದ್ದರಿಂದ ಫೋಟೋ ಕೆಡುವ ಪ್ರಶ್ನೆಯೇ ಇಲ್ಲ.

1500ಡಿಯಲ್ಲಿ ಇದೇ 50 ಎಂಎಂ ಪೂರ್ತಿ ತೆರೆದು ಹಾಕಿದರೆ ಕಣ್ಣಿನ ಬದಲು ಕಿವಿಯ ಓಲೆ ಫೋಕಸ್ ಆಗಿರುವುದು ಸಾಮಾನ್ಯ. ನಡುವಿನ ಪಾಯಿಂಟಿನಿಂದ ಹಿಡಿದು ಫ್ರೇಮ್ ಸರಿಸುವಾಗ ಅಷ್ಟು ಜಾರುತ್ತದೆ. ಆರ್50ರಲ್ಲಿ ಅಡಾಪ್ಟರ್ ಮೂಲಕ ಅದೇ ಲೆನ್ಸ್ ಕಣ್ಣಿನ ರೆಪ್ಪೆಯನ್ನೇ ಹಿಡಿಯುತ್ತದೆ. ಹೊಸ ಬಾಡಿಗೆ ಹಳೆಯ ಲೆನ್ಸ್ ಸೇರಿದಾಗಲೇ ಈ ಕ್ಯಾಮೆರಾದ ಬೆಲೆ ಗೊತ್ತಾಗುವುದು. ಮನೆಯಲ್ಲಿ ಇಎಫ್ ಲೆನ್ಸ್ ಇದ್ದವರು ಎರಡು ಲೆನ್ಸಿನ ಕಿಟ್ ತಗೊಳ್ಳಬೇಡಿ, ಆ ದುಡ್ಡಿಗೆ ಅಡಾಪ್ಟರ್ ತಗೊಳ್ಳಿ. ಹೊಸದಾಗಿ ಶುರುಮಾಡುವವರಿಗೂ ಈಗ ದಾರಿ ಇದೆ. 2024ರಿಂದ ಸಿಗ್ಮಾದವರು ಇದೇ ಮೌಂಟಿಗೆ 18-50 ಎಫ್/2.8, 30 ಎಫ್/1.4 ತರದ ಲೆನ್ಸ್ ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಇಂಥ ಲೆನ್ಸ್‌ಗೆ ಪರದಾಟವಿತ್ತು.

ವಿಡಿಯೋದಲ್ಲಿ ಹೋಲಿಕೆಯೇ ಬೇಡ. 1500ಡಿಯಲ್ಲಿ ಮೈಕ್ ಚುಚ್ಚಲು ಜಾಗವೇ ಇಲ್ಲ, ಫುಲ್ ಎಚ್‌ಡಿಯಲ್ಲೇ ನಿಲ್ಲುತ್ತದೆ, ಫೋಕಸ್ ಮುಂದೆ ಹಿಂದೆ ಹುಡುಕಾಡುತ್ತದೆ. ಆರ್50 ಪೂರ್ತಿ ಅಗಲದಲ್ಲಿ 4ಕೆ ತೆಗೆಯುತ್ತದೆ, ಮೈಕ್ ಜಾಕ್ ಇದೆ. ಚೆಂಡೆಯ ಏರುಪೆಟ್ಟು ಶುರುವಾದಾಗ ಕ್ಯಾಮೆರಾದ ಒಳಗಿನ ಮೈಕ್ ಒಡೆದ ಸದ್ದು ಮಾಡುತ್ತದೆ. ಹೊರಗಿನ ಮೈಕ್ ಹಾಕಿ, ಲೆವೆಲ್ ಕೈಯಲ್ಲೇ ಇಳಿಸಿಟ್ಟರೆ ಮದ್ದಳೆಯೂ ಕೇಳುತ್ತದೆ, ಭಾಗವತರ ಸಾಹಿತ್ಯವೂ ಕೇಳುತ್ತದೆ. ಹೆಡ್‌ಫೋನ್ ಜಾಕ್ ಮಾತ್ರ ಇಲ್ಲ. ಹಾಗಾಗಿ ಸ್ವಲ್ಪ ರೆಕಾರ್ಡ್ ಮಾಡಿ, ಹಾಕಿ ಕೇಳಿ, ಆಮೇಲೆ ಶುರುಮಾಡಿ.

ಸದ್ದಿನ ವಿಷಯ ಬಂತಲ್ಲ. ತಾಳಮದ್ದಳೆಯಲ್ಲಿ ಕರ್ಣನೋ ವಾಲಿಯೋ ಮೆಲ್ಲಗೆ ಮಾತಾಡುತ್ತಿರುವಾಗ 1500ಡಿಯ ಕನ್ನಡಿ 'ಟಪಕ್' ಅಂದರೆ ಮೊದಲ ಸಾಲಿನ ಹಿರಿಯರು ತಿರುಗಿ ನೋಡುತ್ತಾರೆ. ಆ ನೋಟ ಗೊತ್ತಿದ್ದವರಿಗೆ ಗೊತ್ತು. ಆರ್50ಕ್ಕೆ ಎಲೆಕ್ಟ್ರಾನಿಕ್ ಶಟರ್ ಇದೆ, ಸದ್ದೇ ಇಲ್ಲ. ಆದರೆ ಎಲ್‌ಇಡಿ ಬೆಳಕಿನಲ್ಲಿ ಅದನ್ನು ಹಾಕಿದರೆ ಫೋಟೋದಲ್ಲಿ ಅಡ್ಡಪಟ್ಟೆ ಬೀಳಬಹುದು. ಸೆನ್ಸರ್ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ, ಅಷ್ಟರಲ್ಲಿ ದೀಪ ಮಿಣುಕುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಶಟರ್ 1/100ಕ್ಕೆ ಇಟ್ಟರೆ ಪಟ್ಟೆ ಬಹುತೇಕ ಹೋಗುತ್ತದೆ. ತಾಳಮದ್ದಳೆಗೆ 1/100 ಸಾಕು, ಕೂತೇ ಇರುತ್ತಾರಲ್ಲ. ಆಟಕ್ಕೆ ಸದ್ದಿರುವ ಶಟರೇ ಇರಲಿ, ಚೆಂಡೆಯ ಮುಂದೆ ಯಾರಿಗೆ ಕೇಳುತ್ತದೆ!

ಸಂಘದ ಸನ್ಮಾನ, ಮದುವೆ, ನಾಮಕರಣ ತೆಗೆಯುವವರು ಇದೊಂದು ನೋಡಿಕೊಳ್ಳಿ. ಆರ್50ರ ತಲೆಯ ಮೇಲಿನ ಶೂ, ಅಂದರೆ ಫ್ಲ್ಯಾಶ್ ಕೂರುವ ಜಾಗ, ಹೊಸ ತರದ್ದು. ಹಳೆಯ 430ಇಎಕ್ಸ್ ಫ್ಲ್ಯಾಶ್ ನೇರವಾಗಿ ಕೂರುವುದಿಲ್ಲ, ಎಡಿ-ಇ1 ಅಂತ ಇನ್ನೊಂದು ಅಡಾಪ್ಟರ್ ಬೇಕು. ಅಂಗಡಿಯಲ್ಲಿ ಇದನ್ನು ನಾವಾಗಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. 1500ಡಿಗೆ ಆ ಫ್ಲ್ಯಾಶ್ ಸಲೀಸಾಗಿ ಕೂರುತ್ತದೆ.

ಬ್ಯಾಟರಿಯಲ್ಲೂ ಹಳೆಯದೇ ಗೆಲ್ಲುತ್ತದೆ. ಕಿಂಡಿಯಲ್ಲಿ ನೋಡಿ ತೆಗೆದರೆ 1500ಡಿಗೆ ಕಂಪನಿ ಹೇಳುವ ಲೆಕ್ಕ ಸುಮಾರು 500 ಫೋಟೋ, ಆರ್50ಕ್ಕೆ ಸುಮಾರು 310. ಹಳೆಯದರಲ್ಲಿ ಕಿಂಡಿ ಬರೀ ಕನ್ನಡಿ, ಕರೆಂಟ್ ಬೇಡ. ಹೊಸದರಲ್ಲಿ ಅದು ಪುಟ್ಟ ಸ್ಕ್ರೀನ್, ನೋಡಿದಷ್ಟೂ ಹೊತ್ತು ಉರಿಯುತ್ತದೆ. ಡಿಎಸ್ಎಲ್ಆರ್ ಬಿಟ್ಟು ಬೇರೆ ಹಿಡಿಯದ ನನ್ನ ಸೋದರಮಾವ ಆರ್50ಕ್ಕೆ ಕಣ್ಣಿಟ್ಟವರೇ, "ಇದು ಟಿವಿ ನೋಡಿದ ಹಾಗೆ ಉಂಟು ಮಾರಾಯ್ತಿ" ಅಂತ ವಾಪಸ್ ಕೊಟ್ಟರು. ನನಗೆ ಆ ಟಿವಿಯೇ ಇಷ್ಟ. ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ, ಎಷ್ಟು ಕಪ್ಪಗೆ ಬರುತ್ತದೆ ಅಂತ ಒತ್ತುವ ಮೊದಲೇ ಕಾಣುತ್ತದೆ. ಕಲಿಯುವವರಿಗಂತೂ ಇದು ದೊಡ್ಡ ಉಪಕಾರ. ರಾತ್ರಿಯ ಆಟಕ್ಕೆ ಎರಡನೇ ಬ್ಯಾಟರಿ ಇಟ್ಟುಕೊಳ್ಳಲೇಬೇಕು. ಟೈಪ್-ಸಿ ಪಿಡಿ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆ ಅನ್ನುವುದು ಸಮಾಧಾನ.

ತೂಕ: 1500ಡಿ ಬ್ಯಾಟರಿ ಸೇರಿ 475 ಗ್ರಾಂ, ಆರ್50 375. ನೂರು ಗ್ರಾಂ ಏನು ಮಹಾ ಅನ್ನಬೇಡಿ. ಸಂಜೆ ಆರೂವರೆಯ ದಾದರಿನಲ್ಲಿ ಲೋಕಲ್ ಹತ್ತುವವರಿಗೆ ತೂಕಕ್ಕಿಂತ ಗಾತ್ರ ಮುಖ್ಯ. ಆರ್50 ಪುಟ್ಟ ಲೆನ್ಸ್ ಜೊತೆ ಟಿಫಿನ್ ಡಬ್ಬಿಯ ಪಕ್ಕದಲ್ಲೇ ಹಿಡಿಯುತ್ತದೆ. ಕ್ಯಾಮೆರಾ ಬ್ಯಾಗ್ ಅಂತ ಬೇರೆ ಬೇಡ.

ಚಳಿಗಾಲದಲ್ಲಿ ಐರೋಲಿ, ನೆರೂಳ್ ಕಡೆ ಫ್ಲೆಮಿಂಗೋ ನೋಡಲು ಹೋಗುವವರಿಗೆ ಒಂದೇ ಮಾತು. ನಿಂತ ಹಕ್ಕಿಗೆ 1500ಡಿ ಮತ್ತು 55-250 ಧಾರಾಳ ಸಾಕು. ಹಾರುವ ಹಕ್ಕಿ ಬೇಕೆಂದರೆ ಆರ್50.

ಮಳೆ, ತೇವ ಎರಡೂ ಕ್ಯಾಮೆರಾಕ್ಕೆ ಆಗುವುದಿಲ್ಲ, ಯಾವುದಕ್ಕೂ ನೀರು ತಡೆಯುವ ಸೀಲ್ ಇಲ್ಲ. ಮುಂಬೈಯ ಜುಲೈಯಲ್ಲಿ ಲೆನ್ಸಿಗೆ ಫಂಗಸ್ ಹಿಡಿಯಲು ಹೆಚ್ಚು ದಿನ ಬೇಡ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಇಷ್ಟಿದ್ದರೆ ಬಚಾವ್. ಆರ್50ರಲ್ಲಿ ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ಎದುರಿಗೇ ಇರುತ್ತದೆ, ಅಡ್ಡ ಕನ್ನಡಿ ಇಲ್ಲ. ಪ್ಲಾಟ್‌ಫಾರಂ ಮೇಲೆ ಲೆನ್ಸ್ ಬದಲಿಸುವ ಚಟ ಇದ್ದವರು ಬಿಟ್ಟುಬಿಡಿ.

ಹಾಗಾದರೆ ಯಾವುದು? ವಿಡಿಯೋ ಬೇಕು, ಕುಣಿತ ತೆಗೆಯಬೇಕು, ಓಡುವ ಮಕ್ಕಳನ್ನು ಹಿಡಿಯಬೇಕು ಅಂದರೆ ಆರ್50, ಎರಡನೇ ಮಾತಿಲ್ಲ. ಡಿಎಸ್ಎಲ್ಆರ್ ಕಡೆಗೆ ಇನ್ನು ಹೊಸದೇನೂ ಬರುವಂತೆ ಕಾಣುವುದಿಲ್ಲ. ಕ್ಯಾನನ್‌ನವರು 2021ರ ಕೊನೆಗೇ 1ಡಿ ಎಕ್ಸ್ ಮಾರ್ಕ್ 3 ತಮ್ಮ ಕೊನೆಯ ಫ್ಲ್ಯಾಗ್‌ಶಿಪ್ ಡಿಎಸ್ಎಲ್ಆರ್ ಅಂದುಬಿಟ್ಟಿದ್ದಾರೆ. ಆದರೆ ಕಾಲೇಜು ಹುಡುಗಿಯೊಬ್ಬಳು ಕಮ್ಮಿ ದುಡ್ಡಿನಲ್ಲಿ ಕಲಿಯಬೇಕು ಅಂದರೆ ನಾನು ಸೆಕೆಂಡ್ ಹ್ಯಾಂಡ್ 1500ಡಿ ಮತ್ತು 50 ಎಫ್/1.8 ಅನ್ನೇ ಹೇಳುತ್ತೇನೆ. ಹೊಸ 1500ಡಿಯನ್ನು ಪೂರ್ತಿ ಬೆಲೆ ಕೊಟ್ಟು ತಗೊಳ್ಳುವುದು ಮಾತ್ರ ಬೇಡ.

ಸೆಕೆಂಡ್ ಹ್ಯಾಂಡ್‌ಗೆ ಸಿಎಸ್ಎಂಟಿ ಸ್ಟೇಷನ್ ಎದುರಿನ ಬೋರಾ ಬಜಾರಿಗೆ ಹೋಗಿ. ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಗೆರೆ ಕಂಡರೆ ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರ್ ಮೇಲಿನ ಧೂಳು ಚುಕ್ಕಿಯಾಗಿ ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ, ಕ್ಲೀನ್ ಮಾಡಿಸಿ ಕೊಡಿ ಅಂತ ಕೇಳಿ. ಅಲ್ಲಿ ತುಳು ಮಾತಾಡುವವರು ಸಿಕ್ಕರೂ ಚೌಕಾಸಿ ಬಿಡಬೇಡಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.